ತವರಿಗೆ ಹೋದ ಹೊಳೆಯವ್ವ

ಠಕ್, ಠಕ್, ಠಕ್. ಪೀಣ್ಯದ ಆ ಶೆಡ್ಡಿನಲ್ಲಿ ಬೆಳಗಿನಿಂದ ಮೊಳೆ ಹೊಡೆಯುವ ಸದ್ದು. ಯಂತ್ರದ ಭಾಗಗಳನ್ನು ಹಡಗು ಹತ್ತಿಸಲು ಮರದ ಪೆಟ್ಟಿಗೆ ಮಾಡುವ ಜಾಗ ಅದು. ಪೆಟ್ಟಿಗೆಯೊಳಗೆ ಕತ್ತರಿಸಿದ ಕಾಗದ ತುಂಬುವುದು ದುರ್ಗವ್ವನ ಕೆಲಸ. ಒಂದೊಂದು ಪೆಟ್ಟಿಗೆ ಮುಚ್ಚುವಾಗಲೂ ಅವಳಿಗೆ ಅದೇ ಯೋಚನೆ: ನಮ್ಮವ್ವನನ್ನೂ ಹೀಗೇ ಮಲಗಿಸಿ ಮೊಳೆ ಹೊಡೆದಿರಬೇಕು.

ಅವ್ವ ಎಂದರೆ ಹೊಳೆಯವ್ವ, ಮಲಪ್ರಭೆಯ ದಂಡೆಯ ಅವಳ ಊರಿನ ಕಲ್ಲಿನ ದೇವಿ. ಪೂಜಾರಿಯ ಮನೆಗೆ ಸೊಸೆಯಾಗಿ ಬಂದ ದುರ್ಗವ್ವ ಆರು ವರ್ಷ ಆ ಮೂರ್ತಿಗೆ ಎಣ್ಣೆ ಹಚ್ಚಿ ಮೈ ತೊಳೆದವಳು. ಬಲಗಿವಿಯ ಹಿಂದೆ ಚೂರು ಹಾರಿದ್ದು ಅವಳ ಬೆರಳಿಗೆ ಗೊತ್ತು. ಒಂದು ಬೆಳಿಗ್ಗೆ ಪೀಠ ಬರಿದಾಗಿತ್ತು.

ಅವರ ಊರಲ್ಲಿ ದೀಪ ಆರಿತು ಅನ್ನುವುದಿಲ್ಲ, ಶಾಂತವಾಯಿತು ಅನ್ನುತ್ತಾರೆ. ಇನ್ನು ದೇವಿ ಕಳುವಾದಳು ಎಂದು ಯಾವ ಬಾಯಿ ಅಂದೀತು? ಸುದ್ದಿ ಕೇಳಿ ಬಂದ ಪೊಲೀಸನಿಗೆ ದುರ್ಗವ್ವನೇ ಸೆರಗು ಹೊದ್ದು ಹೇಳಿದ್ದಳು: "ತವರಿಗೆ ಹೋಗ್ಯಾಳ್ರಿ." ಅವನು ನಕ್ಕು, ಚಹಾ ಕುಡಿದು ಹೋದ. ದೂರು ಬರೆಯಲೇ ಇಲ್ಲ. ತವರಿಗೆ ಹೋದ ಹೆಣ್ಣುಮಕ್ಕಳು ಪಂಚಮಿ ಕಳೆದ ಮೇಲೆ ಮರಳುವ ಹೊತ್ತಿಗೆ ವರ್ಷವರ್ಷವೂ ಊರವರು ಬರಿ ಪೀಠ ತೊಳೆದು ದಾರಿ ಕಾದರು.

ಮೂವತ್ತು ವರ್ಷದ ಮೇಲೆ, ದುರ್ಗವ್ವ ದುಡಿಯಲು ಪೀಣ್ಯಕ್ಕೆ ಬಂದಿದ್ದಾಗ, ಹೊರದೇಶದ ಮ್ಯೂಸಿಯಂ ಹಿಂದಿರುಗಿಸಿದ ಮೂರ್ತಿಗಳ ಚಿತ್ರಗಳನ್ನು ಆಫೀಸಿನ ಶೈಲಜಾ ಫೋನಿನಲ್ಲಿ ತೋರಿಸಿದ್ದಳು. ನಾಲ್ಕನೆಯದು ಹೊಳೆಯವ್ವ. ದೇವಿಯನ್ನು ಊರಿಗೆ ಕೊಡಿ ಎಂದು ಶೈಲಜಾಳೇ ಪುರಾತತ್ವ ಇಲಾಖೆಗೆ ಪತ್ರ ಬರೆದಳು. ಇವತ್ತು ಊಟದ ಹೊತ್ತಿಗೆ ಉತ್ತರ ಬಂದಿದೆ; ಶೈಲಜಾ ಓದಿ ಹೇಳಿದಳು.

"ಕಿವಿ ಹಿಂದೆ ಚೂರು ಹಾರಿದೆ ಅಂದ್ರೆ ಸಾಲಲ್ವಂತೆ ಕಣಮ್ಮ. ಕಂಪ್ಲೇಂಟ್ ಕಾಪಿ ಬೇಕಂತೆ. ಇಲ್ಲಾಂದ್ರೆ ದೆಹಲಿ ಗೋಡೌನಲ್ಲೇ ಇಡ್ತಾರೆ."

"ಪೆಟ್ಟಿಗ್ಯಾಗ?"

"ಹೂಂ, ಪೆಟ್ಟಿಗೇಲೇ."

ಬಡಗಿ ಪರಮಾನಂದ ಬುತ್ತಿ ಬಿಚ್ಚುತ್ತ ಅಂದ: "ಹೊರದೇಶದಾಗೇ ಇರಬೇಕಿತ್ತು ಬಿಡ ಚಿಗವ್ವ. ಗಾಜಿನ ಮನಿ, ಏಸಿ. ಇಲ್ಲಿ ನಮಗ ಫ್ಯಾನ್ ಇಲ್ಲ."

"ಅಲ್ಲಿ ಅಕಿಗೆ ಎಣ್ಣಿ ಹಚ್ಚೋರು ಯಾರೋ?"

"ಹಚ್ಚೋರು ಇಲ್ಲಿ ಪೀಣ್ಯಾದಾಗ ಕಾಗದ ತುಂಬಾಕತ್ತಾರಲ್ಲ!"

ಅವನು ನಕ್ಕ. ದುರ್ಗವ್ವ ರೊಟ್ಟಿ ಮುರಿದಳು.

ಶೈಲಜಾ ಆಸೆ ಬಿಟ್ಟಿರಲಿಲ್ಲ. "ಆಗ ಪೊಲೀಸ್ ಬಂದಿದ್ರು ಅಂದ್ರಲ್ಲ? ಸ್ಟೇಷನ್ನಲ್ಲಿ ಏನಾದ್ರೂ ಬರ್ದಿರ್ತಾರೆ. ಅವತ್ತು ಅವ್ರ ಹತ್ರ ಮಾತಾಡಿದ್ದು ಯಾರು, ನೆನಪಿದ್ಯಾ?"

ದುರ್ಗವ್ವ ಮುರಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಎದ್ದಳು.

"ಆ ಮಾತಾಡಿದೋರು ಈಗ ಇದ್ರೆ, ಅವ್ರ ಹತ್ರ ಒಂದು ಸೈನ್..." ಶೈಲಜಾ ಹೇಳುತ್ತಲೇ ಇದ್ದಳು. ದುರ್ಗವ್ವ ತಿರುಗಿ ನೋಡದೆ, ಬಾಯಿ ತೆರೆದು ನಿಂತ ಪೆಟ್ಟಿಗೆಗಳ ನಡುವೆ ನಡೆದುಹೋದಳು.