ಆ ತಿರುವಿನಲ್ಲಿ ಬಸ್ಸಿಳಿದ ದಿನ

ನನ್ನ ಯಜಮಾನರು ಸಿದ್ದರಾಜು ತೀರಿಕೊಂಡದ್ದು ಮರಳವಾಡಿಯಿಂದ ಹಾರೋಹಳ್ಳಿಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ. ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಜಲ್ಲಿ ಹೊತ್ತ ಟಿಪ್ಪರುಗಳು ನಮ್ಮ ಸಣ್ಣ ರಸ್ತೆಯಲ್ಲಿ ಹಗಲೆಲ್ಲ ಓಡುತ್ತಿದ್ದವು. ಅಲ್ಲಿನ ಒಂದು ಕಾರ್ಖಾನೆಯ ಬೆಳಗಿನ ಪಾಳಿಗೆಂದು ನೀಲಿ ಅಂಗಿ ತೊಟ್ಟು ಮೊಪೆಡ್ ಹತ್ತಿ ಹೋದವರನ್ನು ಮಧ್ಯಾಹ್ನ ಕನಕಪುರದ ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಸುತ್ತಿ ನನಗೆ ಒಪ್ಪಿಸಿದರು.

"ಜಾಗದಲ್ಲೇ ಹೋಗ್ಬುಟ್ಟವ್ರೆ ಕಣಮ್ಮ" ಎಂದರು ಪೊಲೀಸಿನವರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ಸಾವು ಕಾಣದ ಮನೆಯಿಲ್ಲ. ಆದರೆ ನನ್ನನ್ನು ಒಳಗೊಳಗೇ ತಿಂದದ್ದು ಬೇರೆ. ಅವರು ಆ ಮಣ್ಣಿನಲ್ಲಿ ಎಷ್ಟು ಹೊತ್ತು ಬಿದ್ದಿದ್ದರು? ಯಾರಾದರೂ ತಲೆ ಹಿಡಿದರೇ? ಬಾಯಿಗೆ ಒಂದು ಹನಿ ನೀರು ಬಿತ್ತೇ? ಅವರು ಒಬ್ಬರೇ ಕೂತು ಊಟ ಮಾಡಿದವರಲ್ಲ. ನಾನು ಹೊಲದಿಂದ ಬರುವುದು ತಡವಾದರೆ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು. ಅಂಥವರು ಒಬ್ಬರೇ ಹೋದರೇ?

ವರ್ಷ ತುಂಬಿದ ಮೇಲೆ ನಾನೂ ಹಾರೋಹಳ್ಳಿಯ ಒಂದು ಗಾರ್ಮೆಂಟ್ಸಿಗೆ ಸೇರಿದೆ. ಬಸ್ಸು ಅದೇ ತಿರುವು ದಾಟಬೇಕು. ಅಲ್ಲಿಗೆ ಬಂದಾಗ ಕಣ್ಣು ಮುಚ್ಚಿಬಿಡುತ್ತಿದ್ದೆ. ರಜಾ ಸಿಕ್ಕ ಮಂಗಳವಾರಗಳಲ್ಲಿ ಕಬ್ಬಾಳಮ್ಮನ ಗುಡಿಗೆ ಹೋಗಿ, "ಅವ್ರನ್ನ ವಾಪಸ್ ಕೊಡು ಅಂತ ಕೇಳಕಿಲ್ಲ ತಾಯಿ, ಕೊನೇಲಿ ಹತ್ರ ಯಾರಿದ್ರು, ಅದೊಂದ ಹೇಳು" ಎಂದು ಬೇಡುತ್ತಿದ್ದೆ. ಮೂರು ವರ್ಷ ಹೀಗೇ ಕಳೆಯಿತು. ಸಿಟ್ಟು ಬಂದು ಹಣ್ಣುಕಾಯಿ ಮಾಡಿಸದೆ ತಿರುಗಿ ಬಂದದ್ದೂ ಉಂಟು.

ಈ ನಡುವೆ ಕಾರ್ಖಾನೆಯಲ್ಲಿ ಕೆಲವರನ್ನು ಆರಿಸಿ ಪ್ರಥಮ ಚಿಕಿತ್ಸೆ ಕಲಿಸಿದರು. ಸೂಪರ್‌ವೈಸರ್ ನನ್ನ ಹೆಸರನ್ನೂ ಬರೆದುಕೊಂಡರು. ರಕ್ತ ಹರಿದರೆ ಬಟ್ಟೆ ಮಡಿಸಿ ಒತ್ತಿ ಹಿಡಿಯಬೇಕು, ನಡುವೆ ಎತ್ತಿ ನೋಡಬಾರದು ಎಂದು ನರ್ಸಮ್ಮ ಹೇಳಿಕೊಟ್ಟರು. ಕೇಳಿಸಿಕೊಂಡೆ. ಇದು ಅವತ್ತು ಯಾರಿಗಾದರೂ ಗೊತ್ತಿದ್ದಿದ್ದರೆ ಎಂದು ಬಚ್ಚಲಿಗೆ ಹೋಗಿ ಅತ್ತೆ.

108 ಆಂಬುಲೆನ್ಸ್ ಗಾಡಿ ಹೊಸದಾಗಿ ಬಂದಿದ್ದ ವರ್ಷ, ಶ್ರಾವಣದ ಒಂದು ಬೆಳಿಗ್ಗೆ, ನಮ್ಮ ಬಸ್ಸು ಗಕ್ಕನೆ ನಿಂತಿತು. ಕಣ್ಣು ಬಿಟ್ಟರೆ ಅದೇ ತಿರುವು. ರಸ್ತೆ ತುಂಬ ಹಿಪ್ಪುನೇರಳೆ ಸೊಪ್ಪು ಚೆಲ್ಲಿತ್ತು. ಸೊಪ್ಪಿನ ಹೊರೆ ತರುತ್ತಿದ್ದವನ ಗಾಡಿಗೆ ಯಾವುದೋ ಟೆಂಪೋ ಗುದ್ದಿ ನಿಲ್ಲದೆ ಹೋಗಿತ್ತು. ಬಿದ್ದವನ ಕಾಲಿನ ಮೀನಖಂಡ ಸೀಳಿ ರಕ್ತ ಹರಿಯುತ್ತಿತ್ತು. ಜನ ಸುತ್ತ ನಿಂತಿದ್ದರು.

"ಮುಟ್ಬ್ಯಾಡ್ರಪ್ಪ, ಆಮ್ಯಾಕೆ ಪೊಲೀಸು ಕೋರ್ಟು ಅಂತ ಅಲೀಬೇಕಾಯ್ತದೆ" ಎಂದ ಒಬ್ಬ.

ನನಗೆ ಸೀಟಿನಿಂದ ಏಳಲಾಗಲಿಲ್ಲ. ಆಮೇಲೆ ಈತನಿಗೂ ಮನೆಯಲ್ಲಿ ಒಬ್ಬಳು ಇರುತ್ತಾಳೆ ಅನ್ನಿಸಿತು. ನಾಳೆಯಿಂದ ಅವಳೂ ನನ್ನ ಹಾಗೆ ಕೇಳುತ್ತಾಳೆ. ಹೇಗೆ ಇಳಿದೆನೋ ಗೊತ್ತಿಲ್ಲ. ಕಂಡಕ್ಟರಿಗೆ 108ಕ್ಕೆ ಫೋನ್ ಮಾಡಲು ಹೇಳಿ, ಒಬ್ಬರ ಹೆಗಲ ಟವಲು ಕಿತ್ತುಕೊಂಡು ಮಡಿಸಿ, ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿದೆ. ಟವಲು ನೆನೆಯಿತು. ಅದರ ಮೇಲೆ ನನ್ನ ವೇಲು ಇಟ್ಟು ಮತ್ತೆ ಒತ್ತಿದೆ.

ಆಗ ರಸ್ತೆಬದಿಯ ತೋಟದಿಂದ ಒಬ್ಬ ಮುದುಕಮ್ಮ ಓಡಿ ಬಂದು ಅವನ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. "ಕಣ್ ಮುಚ್ಬ್ಯಾಡ ಕಣಪ್ಪ. ಯಾವೂರು ನಿಂದು? ಹೇಳು" ಎಂದು ಮಾತಾಡಿಸುತ್ತಲೇ ಇದ್ದಳು. ಗಾಡಿ ಬರುವವರೆಗೆ ಅವಳು ಮಾತು ಬಿಡಲಿಲ್ಲ, ನಾನು ಕೈ ಬಿಡಲಿಲ್ಲ.

ಅವನನ್ನು ಕರೆದೊಯ್ದ ಮೇಲೆ ಮುದುಕಮ್ಮ ಚೊಂಬು ತಂದು ನನ್ನ ಕೈಗೆ ನೀರು ಹುಯ್ದಳು. ಹುಯ್ಯುತ್ತಲೇ ಹೇಳಿದಳು: "ನಾಕ್ ವರ್ಸದ್ ಹಿಂದೆ ಇಲ್ಲೇ ಒಬ್ಬ ಬಿದ್ದಿದ್ದ ಕಣವ್ವ. ಟಿಪ್ಪರ್ ಗುದ್ದಿತ್ತು. ನೀಲಿ ಅಂಗಿ, ಫ್ಯಾಕ್ಟ್ರಿಯೋನು. ನಿನ್ನಂಗೆ ಒತ್ತಿ ಹಿಡಿಯೋದು ನಂಗ್ ಗೊತ್ತಿರ್ನಿಲ್ಲ. ತಲೆ ತೊಡೆ ಮ್ಯಾಲಿಟ್ಕೊಂಡು ಕೂತಿದ್ದೆ ಅಷ್ಟೇಯ."

ನನ್ನ ಕೈ ಹಾಗೇ ನಿಂತಿತು. "ಏನಾದ್ರೂ ಮಾತಾಡುದ್ರಾ?"

"ಒಸಿ ನೀರ್ ಕೇಳ್ದ. ತುಟಿಗೆ ಬುಟ್ಟೆ. 'ಟೈಮೆಷ್ಟಾಯ್ತವ್ವ' ಅಂದ. 'ರತ್ನ ಉಣ್ದೆ ಕಾಯ್ತಾಳೆ' ಅಂದ. 'ಹೇಳ್ತೀನಿ ಕಣ್ಮಗ' ಅಂದೆ. ನನ್ ಕೈ ಹಿಡ್ಕಂಡಿದ್ದ, ಹಂಗೇ ಹೋದ. ಪೊಲೀಸ್ನೋರ ಜೀಪ್ ಕಂಡು ಹೆದ್ರಿ ತೋಟದೊಳೀಕ್ ಹೋಗ್ಬುಟ್ಟೆ. ಆ ರತ್ನ ಯಾರೋ, ಎಲ್ಲವ್ಳೋ. ಮಾತ್ ಕೊಟ್ಬುಟ್ಟು ಹೇಳಾಕಾಗ್ನಿಲ್ವಲ್ಲ ಅಂತ ದೀಪ ಹಚ್ವಾಗೆಲ್ಲ ಕಬ್ಬಾಳಮ್ಮನ್ನೇ ಕೇಳ್ಕೊತೀನಿ."

"ನಾನೇ ಕಣಜ್ಜಿ ರತ್ನ" ಎಂದೆ.

ಚೊಂಬು ಕೆಳಗಿಟ್ಟು ಆಕೆ ನನ್ನ ಒದ್ದೆ ಕೈ ಹಿಡಿದುಕೊಂಡಳು. ಅವರು ಕೊನೆಗೆ ಹಿಡಿದಿದ್ದ ಕೈ ಅದು. ಒರಟು ಕೈ, ಬೆರಳಿಗೆಲ್ಲ ಸೊಪ್ಪಿನ ಕರೆ. ಬಿಡಲು ಮನಸ್ಸೇ ಬರಲಿಲ್ಲ.

ಆ ಸೊಪ್ಪಿನವನು ಬದುಕಿದ. ಹದಿನೈದು ದಿನದ ಮೇಲೆ ಅವನ ಹೆಂಡತಿ ಕಾರ್ಖಾನೆಯ ಗೇಟಿಗೆ ಬಂದು ನನ್ನನ್ನು ಕೇಳಿಕೊಂಡು ನಿಂತಿದ್ದಳು. ಅವಳು ಕೇಳಿದ್ದಕ್ಕೆಲ್ಲ ಒಂದೂ ಬಿಡದೆ ಹೇಳಿದೆ.

ನನ್ನ ಹಂಬಲ ತೀರಿತೆಂದು ಸುಳ್ಳು ಹೇಳಲಾರೆ. ಊಟದ ಹೊತ್ತಿಗೆ ಈಗಲೂ ಬಾಗಿಲ ಕಡೆ ನೋಡುತ್ತೇನೆ. ಆದರೆ ತಾಯಿ ಸುಮ್ಮನಿರಲಿಲ್ಲ ಎಂಬುದು ಈಗ ಗೊತ್ತು. ಉತ್ತರವನ್ನು ಆ ತಿರುವಿನಲ್ಲೇ ಇಟ್ಟು, ನಾನು ಇಳಿಯಲೆಂದು ಕಾದಿದ್ದಳು. ಈ ತಾಯಿಯನ್ನು ನಂಬಿದ ನಿಮ್ಮೆಲ್ಲರಲ್ಲಿ ನನ್ನದೊಂದೇ ಬೇಡಿಕೆ. ದಾರಿಯಲ್ಲಿ ಬಿದ್ದವರನ್ನು ಕಂಡರೆ ಇಳಿಯಿರಿ. ಉಳಿಸಲಾಗದಿದ್ದರೂ ಪಕ್ಕದಲ್ಲಿ ಕೂರಿ. ನೀವು ಯಾರೆಂದು ಗೊತ್ತಿಲ್ಲದ ಯಾವುದೋ ಮನೆಯಲ್ಲಿ ಒಬ್ಬಳು ನಿಮಗಾಗಿ ಕೈ ಮುಗಿಯುತ್ತಾಳೆ.