ಮಜ್ಜಿಗೆ ಕಹಿಯಾಗಿತ್ತು

ಬೆಳಿಗ್ಗೆ ಸಿರಿಂಜು ಕುದಿಸಿದೆ, ಹದಿನಾಲ್ಕು ಹಾಸಿಗೆಗಳ ಚಾದರ ಬದಲಿಸಿದೆ, ಎಲ್ಲರ ಜ್ವರ ನೋಡಿ ಬರೆದಿಟ್ಟೆ. ೧೯೬೪ರ ಚಳಿಗಾಲ, ವಿಜಾಪುರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್.

ಹಿಂದಿನ ದಿನ ಬಬಲೇಶ್ವರ ಕಡೆಯ ಹೊಲದಮನೆಯಿಂದ ನೀಲವ್ವ ತನ್ನ ಸೊಸೆ ಶಾಂತವ್ವನನ್ನು ಬಸ್ಸಿನಲ್ಲಿ ಕರೆತಂದಿದ್ದಳು. ಶಾಂತವ್ವನ ಗಂಡ ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದ. ಬಿಡದ ವಾಂತಿ, ನಾಡಿ ನಿಮಿಷಕ್ಕೆ ನಲವತ್ತನಾಲ್ಕು. ಸೀತನಿ ತಿಂಗಳು, ಸುಟ್ಟ ಎಳೆ ಜೋಳ ಹೆಚ್ಚಾಗಿರಬೇಕು ಎಂದುಕೊಂಡೆವು. ಅಜೀರ್ಣಕ್ಕೆ ನಾಡಿ ಇಷ್ಟು ಇಳಿಯುವುದಿಲ್ಲವಲ್ಲ ಎಂದು ಡಾಕ್ಟರು ಗೊಣಗಿದರು. ಸಲೈನ್ ಹಾಕಿದ ಮೇಲೆ ಬೆಳಿಗ್ಗೆ ಐವತ್ತೆಂಟಕ್ಕೆ ಏರಿತ್ತು.

ನೀಲವ್ವ ಮನೆಯಿಂದ ಗಿಂಡಿಯಲ್ಲಿ ಮಜ್ಜಿಗೆ ತಂದಿದ್ದಳು. ಹೊಟ್ಟೆಗೆ ತಂಪೆಂದು ಲೋಟಕ್ಕೆ ಬಗ್ಗಿಸಿ ನಾನೇ ಚಮಚದಲ್ಲಿ ಕುಡಿಸಿದೆ.

"ಕಹಿ ಅದ ಅಕ್ಕಾರ," ಶಾಂತವ್ವ ಮುಖ ತಿರುವಿದಳು.

"ಏ, ಸುಮ್ಮ ಕುಡಿ. ರಾಣಿಗತೆ ಮಾರಿ ತಿರುವಬ್ಯಾಡ. ಬ್ಯಾನಿ ಬಾಯಿಗೆ ಬೆಲ್ಲಾನೂ ಕಹೀನ," ನೀಲವ್ವ ಗದರಿದಳು.

ನಾನೂ ನಕ್ಕು ಲೋಟ ಖಾಲಿ ಮಾಡಿಸಿದೆ.

ಮಧ್ಯಾಹ್ನ ನಾಡಿ ಮೂವತ್ತೆಂಟು. ತಪ್ಪಿ ತಪ್ಪಿ ಬಡಿಯುತ್ತಿತ್ತು. ಬೆಳಗಿನಿಂದ ಅವಳ ಹೊಟ್ಟೆಗೆ ಹೋಗಿದ್ದು ನಾನು ಕುಡಿಸಿದ್ದೊಂದೇ. ಗಿಂಡಿಯಿಂದ ಒಂದು ಹನಿ ನಾಲಿಗೆಗೆ ಹಚ್ಚಿ ಉಗುಳಿದೆ. ನಿಜಕ್ಕೂ ಕಹಿ. ನೀಲವ್ವನತ್ತ ತಿರುಗಿದೆ.

"ಎದರಲೆ ಕಡದೀಯವ್ವಾ ಇದನ್ನ?"

"ಹಳೇ ಕಡಗೋಲ ಮುರದಿತ್ರಿ. ಬೇಲ್ಯಾಗಿನ ಕಣಗಿಲ ಕಟಗಿ ನೆಟ್ಟಗ ಇತ್ತು, ಹಸೇದ ಕಡದು ತೊಗಟಿ ಕೆತ್ತಿ ಮಾಡೇನಿ. ಮೂರ ದಿನಾ ಆತು, ಮೊಸರಿನ ಗಡಗ್ಯಾಗ ಅದ."

"ನೀ ಕುಡೀಲಿಲ್ಲೇನ?"

"ನನಗ ಕೆಮ್ಮರಿ, ಮಜ್ಜಿಗಿ ಒಲ್ಲೆ. ಮನ್ಯಾಗ ಇಕೀ ಒಬ್ಬಾಕೀನ ಕುಡೀತಿದ್ಲು."

ಡಾಕ್ಟರು ಓಡಿ ಬಂದು, ನಾಡಿ ಏರಿಸಲು ಅಟ್ರೋಪಿನ್ ಚುಚ್ಚಿದರು. "ಹೃದಯದ ಒಂದೊಂದ ಜೀವಕೋಶದ ಪೊರ್ಯಾಗೂ ಪಂಪ್ ಅದಾವ, ಸಿಸ್ಟರ್. ಶಕ್ತಿ ಖರ್ಚ ಮಾಡಿ ಸೋಡಿಯಂ ಹೊರಗ ತಳ್ಳತಾವ, ಪೊಟ್ಯಾಸಿಯಂ ಒಳಗ ಎಳೀತಾವ. ಕಣಗಿಲ ವಿಷಾ ಆ ಪಂಪ್ನ ಹಿಡದ ನಿಲ್ಲಸ್ತದ. ನಮ್ಮ ಹತ್ರ ಅದಕ್ಕ ಮದ್ದಿಲ್ಲ. ಇಳಿಯೂತನಕಾ ಕಾಯೂದು, ಅಷ್ಟ."

"ನಾನೇ ಕುಡಿಸಿದೆ ಸರ್," ಅಂದೆ.

ನೀಲವ್ವ ಗೋಡೆಗೆ ತಲೆ ಬಡಿದುಕೊಂಡಳು. "ನನ್ನ ಕೈಲೇ ಸೊಸೀನ್ನ ಕೊಂದೆನಲ್ಲೋ ಯಪ್ಪಾ!" ಅವಳು ಸತ್ತರೆ ಕೊಂದವರಲ್ಲಿ ನಾನೂ ಒಬ್ಬಳು. ಗಂಟೆಗೊಮ್ಮೆ ನಾಡಿ ಹಿಡಿದೆ. ನಲವತ್ತು, ಮೂವತ್ತಾರು, ಮತ್ತೆ ನಲವತ್ತು. ಮೂರನೆಯ ಸಂಜೆ ಅರವತ್ತೆರಡು, ಒಂದೇ ಲಯ.

ರೋಗಿ ಕಹಿ ಅಂದರೆ ಮೊದಲು ಪಾತ್ರೆಯನ್ನು ಅನುಮಾನಿಸಬೇಕು, ಆಮೇಲೆ ಅವಳ ನಾಲಿಗೆಯನ್ನು. ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ ನಾನು ಇದನ್ನು ಕಲಿತೆ.

ಆ ಸಂಜೆ ಶಾಂತವ್ವ ನಾಲ್ಕು ತುತ್ತು ಮೆತ್ತನೆಯ ಅನ್ನ ತಿಂದಳು. ನಾನು ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನೀಲವ್ವನಿಗೂ ಒಂದು ರೊಟ್ಟಿ ಕೊಟ್ಟೆ. ಅರ್ಧ ತಿಂದವಳು, ಉಳಿದದ್ದು ಕೈಯಲ್ಲಿರುವಾಗಲೇ ಸೊಸೆಯ ಕಾಲ ಬಳಿ ತಲೆಯಿಟ್ಟು, ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.