ಕೊಳೆ ಎಲ್ಲಿದೆ ನೋಡು

ನಮ್ಮ ಅತ್ತೆಯವರ ಬಲಗಣ್ಣಿನ ಸುತ್ತ ಕಪ್ಪನೆಯ ಒಂದು ಉಂಗುರವಿತ್ತು. ಎಡಗಣ್ಣಿಗೆ ಇರಲಿಲ್ಲ. ನಾನು ಮದುವೆಯಾಗಿ ತೊಂಡೇಬಾವಿಯಿಂದ ಶಿಡ್ಲಘಟ್ಟಕ್ಕೆ ಬಂದ ಹೊಸದರಲ್ಲಿ ಎದುರುಮನೆಯಾಕೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಾವ ಕೈ ಮಾಡ್ತಾರೇನಮ್ಮ?" ಎಂದು ಪಿಸುಗುಟ್ಟಿದ್ದರು. ಮಾವನವರು ಜಿರಳೆ ಕಂಡರೆ ಮಂಚ ಹತ್ತುವ ಗುಮಾಸ್ತರು. ಅವರು ಜೀವಮಾನದಲ್ಲಿ ಕೈ ಎತ್ತಿದ್ದರೆ ಅದು ಬಸ್ಸು ನಿಲ್ಲಿಸುವುದಕ್ಕೆ ಮಾತ್ರ. ಆ ಉಂಗುರ ಮೈಕ್ರೋಸ್ಕೋಪು ಕೊಟ್ಟದ್ದು.

ಅತ್ತೆಯವರು ಊರಾಚೆಯ ಒಂದು ಖಾಸಗಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆ ಪರೀಕ್ಷೆ ಮಾಡುತ್ತಿದ್ದರು. ತಾಯಿ ಚಿಟ್ಟೆಗೆ ಗಂಟುರೋಗವಿದ್ದರೆ ಅದು ಮೊಟ್ಟೆಗೆ ಇಳಿಯುತ್ತದೆ, ಮೊಟ್ಟೆಯಿಂದ ಹುಳಕ್ಕೆ, ಹುಳದಿಂದ ರೈತನ ಇಡೀ ಬೆಳೆಗೆ. ಆದ್ದರಿಂದ ಮೊಟ್ಟೆಯಿಟ್ಟಾದ ಚಿಟ್ಟೆಯನ್ನು ಅರೆದು, ಅದರ ಒಂದು ತೊಟ್ಟನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ ನೋಡಬೇಕು. ರೋಗದ ಕಣ ಕಂಡರೆ ಆ ಲಾಟಿನ ಮೊಟ್ಟೆಯೆಲ್ಲ ಬೆಂಕಿಗೆ. ಕಾಣದಿದ್ದರೆ ರೈತರ ಮನೆಗೆ. ಮುರುಗಮಲ್ಲದ ಕಡೆಯವರು ಮೊಟ್ಟೆಗೆ ಬಂದರೆ ಬೇರೇನೂ ಕೇಳುತ್ತಿರಲಿಲ್ಲ, "ಮೇಡಂ ನೋಡವ್ರಾ?" ಅಷ್ಟೆ. ನೋಡಿದ್ದಾರೆ ಅಂದರೆ ಮೊಟ್ಟೆ ಅಂಟಿದ ಹಾಳೆ ಸುತ್ತಿಕೊಂಡು ಹೊರಡುತ್ತಿದ್ದರು.

ನಾನು ಗೌರಿಬಿದನೂರಿನಲ್ಲಿ ಬಿ.ಎಸ್ಸಿ. ಮಾಡಿದವಳು. ನಮ್ಮ ಕ್ಲಾಸಿಗೆಲ್ಲ ಸೇರಿ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಸರದಿಯಲ್ಲಿ ನಿಂತು, ಬಗ್ಗಿ ನೋಡಿ, ಕತ್ತಲೆ ಬಿಟ್ಟು ಬೇರೇನೂ ಕಾಣದೆ, ಪಕ್ಕದವಳು ಬರೆದ ಚಿತ್ರವನ್ನೇ ಬರೆದು ಪಾಸಾಗಿದ್ದೆ. ಇದನ್ನು ನಗುತ್ತಾ ಹೇಳಿದ್ದೇ ತಪ್ಪಾಯಿತು. ಅತ್ತೆಯವರು ಊಟದ ತಟ್ಟೆ ಬಿಟ್ಟು ಎದ್ದರು. "ನಾಳೆಯಿಂದ ನನ್ನ ಜೊತೆ ಬಾ" ಎಂದರು.

ಮನೆಯಲ್ಲಿ "ಏನೇ", "ಬಾರೇ" ಎನ್ನುತ್ತಿದ್ದವರು ಕೇಂದ್ರದ ಗೇಟು ದಾಟಿದ ಕೂಡಲೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ನೀವು ಸ್ಲೈಡ್ ತೊಳೆದ್ರಾ?" ಎಂದು ಕೇಳಿದಾಗ ನಾನು ಮೊದಲ ದಿನ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದೆ.

ಮೊದಮೊದಲು ಮೈಕ್ರೋಸ್ಕೋಪಿನೊಳಗೆ ಇಣುಕಲು ಬಿಡಲೇ ಇಲ್ಲ. ಎತ್ತುವುದನ್ನು ಕಲಿಯಬೇಕಿತ್ತು. ಒಂದು ಕೈ ಕುತ್ತಿಗೆಗೆ, ಒಂದು ಕೈ ಬುಡಕ್ಕೆ, ಹಸುಗೂಸನ್ನು ಎತ್ತಿದ ಹಾಗೆ. ಅಭ್ಯಾಸ ತಪ್ಪಬಾರದೆಂದು ಮನೆಯಲ್ಲಿ ಇಡ್ಲಿ ಪಾತ್ರೆಯನ್ನೂ ಹಾಗೆಯೇ ಎತ್ತಿಸಿದರು. "ಅತ್ತೆ, ಇದು ಇಡ್ಲಿ ಪಾತ್ರೆ" ಎಂದೆ. "ಅದು ನಿನಗೆ ಗೊತ್ತು. ಕೈಗೆ ಗೊತ್ತಾ?" ಎಂದರು. ಆಮೇಲೆ ಫೋಕಸ್ ಮಾಡುವುದು. ಲೆನ್ಸನ್ನು ಕೆಳಗಿಳಿಸುವಾಗ ಪಕ್ಕದಿಂದ ನೋಡಬೇಕು, ಸ್ಲೈಡಿನ ಹತ್ತಿರ ಬಂದಮೇಲೆ ಕಣ್ಣಿಟ್ಟು ಮೇಲಕ್ಕೆ ಎತ್ತುತ್ತಾ ಬರಬೇಕು. ಕಣ್ಣಿಟ್ಟುಕೊಂಡೇ ಇಳಿಸಿದರೆ ಸ್ಲೈಡು ಪುಡಿ, ಲೆನ್ಸು ಗೀರು, ಸೊಸೆ ತವರಿಗೆ. ಕೊನೆಯದನ್ನು ಅವರು ಹೇಳಿದ್ದು ತಮಾಷೆಗೋ ನಿಜಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆಂದು ಅವರಿಗೆ ಸದಾ ದಿಗಿಲು. ಹೊಸ ಚಪ್ಪಲಿಯ ಡಬ್ಬದಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದಲ್ಲ, ಅದನ್ನು ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ಚಿಂತಾಮಣಿಯ ಚಪ್ಪಲಿ ಅಂಗಡಿಗೆ ಹೋಗಿ, ಹತ್ತಾರು ಡಬ್ಬ ತೆಗೆಸಿ, ಪೊಟ್ಟಣಗಳನ್ನೆಲ್ಲ ಕೇಳಿ ತೆಗೆದುಕೊಂಡು, ಚಪ್ಪಲಿ ಕೊಳ್ಳದೆ ಬಂದಿದ್ದರು. ನನ್ನ ನಾದಿನಿಯ ಮದುವೆಯಲ್ಲಿ ಬೀಗರು ತಂದ ಸೂಟ್‌ಕೇಸಿನೊಳಗೆ ಕೈ ಹಾಕಿ ತಡಕಾಡುತ್ತಾ ಸಿಕ್ಕಿಬಿದ್ದಾಗ ಬೀಗಿತ್ತಿ ಏನು ತಿಳಿದುಕೊಂಡರೋ, ಮಾವನವರಂತೂ ಬೆವತುಹೋದರು. ಅತ್ತೆಯವರು ಪೊಟ್ಟಣ ಎತ್ತಿ ತೋರಿಸಿ, "ಸಿಕ್ತು" ಎಂದರು.

ಅವರ ಮುಖ್ಯ ಪಾಠ ನನಗೆ ಸಿಕ್ಕಿದ್ದು ಒಂದು ಆಯುಧ ಪೂಜೆಯ ಮಾರನೆಯ ದಿನ. ಕೇಂದ್ರದ ಯಜಮಾನರು ಭಕ್ತರು. ವ್ಯಾನು, ಫ್ಯಾನು, ತಕ್ಕಡಿ, ಎಲ್ಲಕ್ಕೂ ಗಂಧ ಕುಂಕುಮ ಇಟ್ಟು, ಕಡೆಗೆ ಮೈಕ್ರೋಸ್ಕೋಪಿನ ಮುಂದೆ ನಿಂತಿದ್ದಾರೆ. ಅದಕ್ಕೆ ಹಣೆ ಎಲ್ಲಿ ಅಂತ ಗೊತ್ತಾಗಿಲ್ಲ. ಮೇಲೊಂದು ಗಾಜು ಕಂಡಿದೆ, ಕೆಳಗೊಂದು ಗಾಜು ಕಂಡಿದೆ. ಎರಡಕ್ಕೂ ಇಟ್ಟಿದ್ದಾರೆ.

ಮಾರನೆಯ ದಿನ ನಾನು ಕಣ್ಣಿಟ್ಟು ಕಿರುಚಿದೆ. ಅತ್ತೆಯವರು ಕಿರುಚಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಏನೋ ಕಂಡ್ತು ಅಂತ ಹೌಹಾರಬೇಡಿ. ಕೊಳೆ ಎಲ್ಲಿದೆ ನೋಡಿ. ಸ್ಲೈಡ್ ಜರುಗಿಸಿ. ಕೊಳೇನೂ ಜರುಗಿದ್ರೆ ಅದು ಸ್ಲೈಡಿಂದು. ಇಲ್ವಾ? ಮೇಲಿನ ಗಾಜು ತಿರುಗಿಸಿ. ಕೊಳೇನೂ ತಿರುಗ್ತು ಅಂದ್ರೆ ಅಲ್ಲಿದೆ. ಅದಕ್ಕೂ ಅಲ್ಲಾಡ್ಲಿಲ್ವಾ? ಕೆಳಗಿನ ಲೆನ್ಸ್ ಬದಲಾಯಿಸಿ. ಹೋಯ್ತಾ? ಹಾಗಾದ್ರೆ ಅದರದ್ದೇ." ಕುಂಕುಮ ಎರಡು ಕಡೆಯೂ ಇದ್ದದ್ದರಿಂದ ಪಾಠ ಅಚ್ಚುಕಟ್ಟಾಗಿಯೇ ಆಯಿತು. ಒರೆಸುವುದಕ್ಕೆ ಯಜಮಾನರು ಪಶ್ಚಾತ್ತಾಪದಿಂದ ಹೊಸ ರೇಷ್ಮೆ ಕರವಸ್ತ್ರ ತಂದುಕೊಟ್ಟರು. ಶಿಡ್ಲಘಟ್ಟದವರಿಗೆ ರೇಷ್ಮೆಗಿಂತ ನಯವಾದದ್ದು ಲೋಕದಲ್ಲಿ ಉಂಟೆ? ಅತ್ತೆಯವರು ಅದರಲ್ಲಿ ತಮ್ಮ ಮುಖ ಒರೆಸಿಕೊಂಡು, ಲೆನ್ಸನ್ನು ಅದಕ್ಕೆಂದೇ ಇಟ್ಟ ತೆಳು ಕಾಗದದಲ್ಲಿ ಒರೆಸಿದರು. ಮೈಕ್ರೋಸ್ಕೋಪಿನ ಕುತ್ತಿಗೆಗೆ ಒಂದು ಚೀಟಿ ಅಂಟಿಸಿದರು: ಬೊಟ್ಟು ಇಲ್ಲಿ.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಅತ್ತೆಯವರಿಗೆ ಎಲ್ಲರ ಮೇಲೂ ರೇಗಾಟ ಶುರುವಾಯಿತು. ಲೆನ್ಸು ಮಂಕಾಗಿದೆಯಂತೆ. ಯಜಮಾನರ ಊದುಬತ್ತಿ ಹೊಗೆಯಿಂದ ಅಂದರು, ಊದುಬತ್ತಿ ನಿಂತಿತು. ನಾನು ಡಬ್ಬಿಯಲ್ಲಿ ತರುವ ಬಜ್ಜಿಯಿಂದ ಅಂದರು, ಬಜ್ಜಿ ನಿಂತಿತು. ಬಲ್ಬು ಬದಲಾಯಿತು. ತಾವು ನೋಡಿದ ಪ್ರತಿ ಸ್ಲೈಡನ್ನೂ ನನ್ನ ಕೈಲಿ ಇನ್ನೊಂದು ಸಲ ನೋಡಿಸತೊಡಗಿದರು. "ಎರಡು ಸಲ ನೋಡೋದು ಒಳ್ಳೆ ಪದ್ಧತಿ" ಎಂದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವರು ಒಬ್ಬರೇ ಕುಳಿತಿದ್ದರು. ಸ್ಲೈಡ್ ಜರುಗಿಸಿದರು. ಮೇಲಿನ ಗಾಜು ತಿರುಗಿಸಿದರು. ಕೆಳಗಿನ ಲೆನ್ಸುಗಳನ್ನು ಒಂದೊಂದಾಗಿ ಬದಲಾಯಿಸಿದರು. ನನ್ನನ್ನು ಕರೆದರು.

"ಇದರಲ್ಲಿ ಮೋಡ ಕಾಣುತ್ತಾ ನಿಂಗೆ?"

"ಇಲ್ಲ ಅತ್ತೆ. ಚೊಕ್ಕವಾಗಿದೆ."

ಎಡಗಣ್ಣಿಟ್ಟು ನೋಡಿದರು. ಅಲ್ಲೂ ಮೋಡ, ಕೊಂಚ ತೆಳು. ಕುರ್ಚಿಗೆ ಒರಗಿ ಕುಳಿತು, "ಸ್ಲೈಡಲ್ಲಿ ಇಲ್ಲ, ಮೇಲಿಲ್ಲ, ಕೆಳಗಿಲ್ಲ. ಹಾಗಾದ್ರೆ ಕೊಳೆ ನನ್ನಲ್ಲೇ ಐತೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. "ಯಜಮಾನ್ರಿಗೆ ಹೇಳ್ಬೇಡ. ಪೊರೆ ಆಪರೇಷನ್ ಆಗೋವರೆಗೂ ನೀನೇ ನೋಡು, ನಾನು ಕೂತಿರ್ತೀನಿ" ಎಂದರು. ಕಣ್ಣಿನಿಂದಲೇ ಹೆಸರು ಮಾಡಿದವರು. ಆ ಹೆಸರು ಹೋಗುವುದೆಂದರೆ ಅವರಿಗೆ ದಿಗಿಲಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಆ ಹಂಗಾಮಿನ ದೊಡ್ಡ ಲಾಟು ಬಂತು. ನಾನು ಕಣ್ಣಿಟ್ಟೆ. ಅಕ್ಕಿಕಾಳಿನ ಆಕಾರದ ಕಣಗಳು, ಹೊಳೆಯುತ್ತಾ, ನಿಂತಲ್ಲೇ ನಡುಗುತ್ತಾ. ಸ್ಲೈಡ್ ಜರುಗಿಸಿದೆ, ಅವೂ ಜರುಗಿದವು. ಬೇರೆ ಚಿಟ್ಟೆ ಅರೆಸಿದೆ. ಅಲ್ಲೂ ಇದ್ದವು.

"ರೋಗ ಇದೆ" ಎಂದೆ. ಯಜಮಾನರ ಮುಖ ಬಿಳುಚಿತು. "ಏಮಮ್ಮಾ, ಸರಿಯಾಗಿ ನೋಡಿದ್ಯಾ? ನೀನಿನ್ನೂ ಚಿಕ್ಕೋಳು" ಎಂದು ತಾವೇ ಬಂದು ಬಗ್ಗಿದರು. ಬಹಳ ಹೊತ್ತು ನೋಡಿದರು. "ಅಯ್ಯಯ್ಯೋ, ಉದ್ದುದ್ದ ಕಪ್ಪಗೆ ಏನೋ ಐತಲ್ಲ ಮೇಡಂ!"

"ಅದು ನಿಮ್ಮ ರೆಪ್ಪೆ ಕೂದಲು" ಎಂದರು ಅತ್ತೆ.

ಯಜಮಾನರು ನೆಟ್ಟಗೆ ನಿಂತು ಕೈಮುಗಿದರು. "ಮೇಡಂ, ನೀವೊಂದ್ಸಲ ನೋಡ್ಬಿಡಿ. ನೀವು ಇಲ್ಲ ಅಂದ್ರೆ ಇಲ್ಲ, ಐತೆ ಅಂದ್ರೆ ಈಗಲೇ ಸುಡ್ತೀನಿ."

ಅತ್ತೆಯವರು ಸುಮ್ಮನೆ ಬಗ್ಗಿ, ನೋಡಿದಂತೆ ಮಾಡಿ "ಐತೆ" ಎಂದಿದ್ದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡಿಕೊಂಡೆ. ಅತ್ತೆಯವರು ಕುರ್ಚಿಯಿಂದ ಏಳಲೇ ಇಲ್ಲ.

"ನಂಗೆ ಪೊರೆ ಬಂದೈತೆ. ಈ ಹಂಗಾಮೆಲ್ಲ ಇವಳೇ ನೋಡಿರೋದು. ನಿಮಗೆ ಹೇಳ್ದೆ ಇದ್ದದ್ದು ನನ್ನ ತಪ್ಪು. ನಾನೀಗ ಬಗ್ಗಿದ್ರೆ ಸುಳ್ಳು ಹೇಳ್ದಂಗೆ. ಇವಳು ಐತೆ ಅಂದ್ರೆ ಐತೆ. ಸುಡಿ."

ಯಜಮಾನರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಹಿತ್ತಲಿಗೆ ಹೋಗಿ ಸೀಮೆಎಣ್ಣೆ ತರಿಸಿದರು. ಅತ್ತೆಯವರು ಬೆಂಕಿ ಆರುವವರೆಗೂ ಅಲ್ಲೇ ನಿಂತಿದ್ದರು.

ಆಪರೇಷನ್ ಆಗಿ ಬಂದಮೇಲೆ ಕಣ್ಣು ಎಷ್ಟು ಚುರುಕಾಯಿತೆಂದರೆ ನನ್ನ ಅಡುಗೆಮನೆಯ ಮೂಲೆ ಮೂಲೆಯ ಧೂಳು ಅವರಿಗೆ ಕಂಡಿತು, ಆ ಕಾಟವನ್ನು ಬರೆದರೆ ಇನ್ನೊಂದು ಪುರಾಣವಾಗುತ್ತದೆ. ಕೇಂದ್ರಕ್ಕೂ ಬಂದರು. ನಾನು ಎದ್ದು ಜಾಗ ಬಿಟ್ಟೆ. ಕೂರಲಿಲ್ಲ. ನಿಂತುಕೊಂಡೇ, "ನಾನೊಂದ್ಸಲ ನೋಡ್ಲಾ?" ಎಂದು ನನ್ನನ್ನು ಕೇಳಿದರು. ನೋಡಿ, ಪಕ್ಕದ ಸ್ಟೂಲಿನ ಮೇಲೆ ಕುಳಿತು ಚಿಟ್ಟೆ ಅರೆಯತೊಡಗಿದರು. ಕಡೆಯವರೆಗೂ ಅವರ ಜಾಗ ಅದೇ ಆಯಿತು.

ಹೋದ ವರ್ಷ ತೀರಿಕೊಂಡರು. ಈಗಲೂ ಲಾಟು ಬರುತ್ತದೆ. ಒಮ್ಮೊಮ್ಮೆ ನಾನು "ಸುಡಿ" ಎನ್ನಬೇಕಾಗುತ್ತದೆ. ಯಜಮಾನರು ಮರುಮಾತಾಡದೆ ಸುಡುತ್ತಾರೆ. ನನ್ನ ಮಾತಿಗೆ ಅಷ್ಟು ತೂಕ ನಾನು ದುಡಿದು ಸಂಪಾದಿಸಿದ್ದಲ್ಲ. ತಮ್ಮ ಹೆಸರು ಕೈಬಿಟ್ಟು ಹೋಗುತ್ತಿದ್ದ ಆ ದಿನ, ಅದು ಎಲ್ಲೋ ಬಿದ್ದುಹೋಗಲು ಬಿಡದೆ, ಅತ್ತೆಯವರು ಎಲ್ಲರೆದುರಿಗೆ ಅದನ್ನು ನನಗೆ ಕೊಟ್ಟು ಕುಳಿತರು.